ಅರಗಿನ ಮುದ್ರೆಯ ಕಾಗದವನ್ನು ಗೊತ್ತಾಗದಂತೆ ಓದುತ್ತಿದ್ದರಾ?

ಓದುಗರ ಪ್ರಶ್ನೆ: “ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ನಡೆಯುವ ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದೇನೆ. ನಾಯಕ ಒಬ್ಬ ಗೂಢಚಾರ. ಅವನು ರಾತ್ರಿ ಕೂತು ಅರಗಿನ ಮುದ್ರೆ ಹಾಕಿದ ಕಾಗದಗಳನ್ನು ಬಿಚ್ಚಿ, ನಕಲು ಮಾಡಿಕೊಂಡು, ಮತ್ತೆ ಮೊದಲಿನ ಹಾಗೇ ಮುಚ್ಚಿಡುತ್ತಾನೆ. ಬೆಳಿಗ್ಗೆ ಯಾರಿಗೂ ಗೊತ್ತಾಗುವುದಿಲ್ಲ. ಇದು ನಿಜವಾಗಿ ನಡೆಯುತ್ತಿತ್ತಾ, ಇಲ್ಲ ಲೇಖಕರು ಸುಮ್ನೆ ಹೊಸೆದಿದ್ದಾ?”

ನಡೆಯುತ್ತಿತ್ತು. ಅದೂ ಯಾವುದೋ ಹೆಂಡದಂಗಡಿಯ ಅಟ್ಟದ ಮೇಲಲ್ಲ, ಸರ್ಕಾರಿ ಅಂಚೆ ಕಚೇರಿಯ ಒಳಗೇ. ನಿಮ್ಮ ನಾಯಕ ಕತ್ತಿ ಹಿಡಿದು ಛಾವಣಿಗಳ ಮೇಲೆ ಓಡಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಕಾಗದ ಬಿಚ್ಚುತ್ತಾ ಕೂತರೆ ಧಾರಾಳವಾಗಿ ನಂಬಿ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1649ರ ಜನವರಿ 30ರಂದು ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದರು. ಅವನ ಮಗ ಪರದೇಶದಲ್ಲಿ ಅಲೆಯುತ್ತಿದ್ದ. ಇಂಗ್ಲೆಂಡಿನ ಅಧಿಕಾರ ಕೊನೆಗೆ ರಾಜನ ವಿರುದ್ಧ ಹೋರಾಡಿದ ಪಾರ್ಲಿಮೆಂಟಿನ ಸೇನಾಪತಿ ಆಲಿವರ್ ಕ್ರಾಮ್‌ವೆಲ್‌ನ ಕೈ ಸೇರಿತು. ರಾಜನ ಕಡೆಯವರು ಊರೂರಲ್ಲಿ ಪಿತೂರಿ ನಡೆಸುತ್ತಿದ್ದರು. ಪಿತೂರಿ ನಡೆಸೋಕೆ ಕಾಗದ ಬರೆಯಲೇಬೇಕು, ಕಾಗದ ಟಪಾಲಿನಲ್ಲೇ ಹೋಗಬೇಕು. ಸಿಕ್ಕಿಬೀಳುತ್ತಿದ್ದದ್ದೂ ಅಲ್ಲೇ.

ಮೊದಲು ಆ ಕಾಲದ ಕಾಗದ ಹೇಗಿರುತ್ತಿತ್ತು ಅಂತ ಕಣ್ಣ ಮುಂದೆ ತಂದುಕೊಳ್ಳಬೇಕು. ಲಕೋಟೆ ಇರಲಿಲ್ಲ. ನಮ್ಮ ನೀಲಿ ಇನ್‌ಲ್ಯಾಂಡ್ ಲೆಟರ್ ನೆನಪಿದೆಯಲ್ಲ? ಬರೆದ ಹಾಳೆಯನ್ನೇ ಮಡಚಿದರೆ ಅದೇ ಲಕೋಟೆ. ಹೆಚ್ಚೂಕಡಿಮೆ ಹಾಗೇ. ಇದಕ್ಕೆ ದುಡ್ಡಿನ ಕಾರಣವೂ ಇತ್ತು. ಹಾಳೆಯ ಲೆಕ್ಕ ಮತ್ತು ದೂರದ ಲೆಕ್ಕದಲ್ಲಿ ಟಪಾಲು ದರ ಕಟ್ಟುತ್ತಿದ್ದರು. 80 ಮೈಲಿಯೊಳಗೆ ಒಂದು ಹಾಳೆಗೆ 2 ಪೆನ್ನಿ, ಅದನ್ನೂ ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡಬೇಕು. ಮೇಲೆ ಇನ್ನೊಂದು ಹಾಳೆ ಸುತ್ತಿದರೆ ದರ ದುಪ್ಪಟ್ಟು. ಹಾಗಾಗಿ ಒಂದೇ ಹಾಳೆ, ಜಾಣತನದ ಮಡಿಕೆ, ಮೇಲೊಂದು ಅರಗಿನ ಮುದ್ರೆ.

ತೀರಾ ಗುಟ್ಟಿನ ಕಾಗದವಾದರೆ ಇನ್ನೊಂದು ಕೆಲಸ ಮಾಡುತ್ತಿದ್ದರು. ಹಾಳೆಯ ಅಂಚಿನಿಂದಲೇ ಒಂದು ಸಣ್ಣ ಪಟ್ಟಿ ಕತ್ತರಿಸುವುದು, ಮಡಿಕೆಗಳಿಗೆಲ್ಲ ಸೀಳು ಮಾಡಿ ಆ ಪಟ್ಟಿಯನ್ನು ಸೂಜಿದಾರದ ಹಾಗೆ ತೂರಿಸುವುದು, ಅದರ ತುದಿಗೆ ಅರಗು ಒತ್ತುವುದು. ಬಿಚ್ಚಬೇಕಾದರೆ ಪಟ್ಟಿ ಹರಿಯಲೇಬೇಕು. ಹರಿದಿದ್ದರೆ ಯಾರೋ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಕಾದಂಬರಿಕಾರರು ಯಾಕೋ ಇದನ್ನು ಮರೆಯುತ್ತಾರೆ. ಎಲ್ಲರ ಕಣ್ಣೂ ಅರಗಿನ ಮೇಲೆ.

ಈಗ ಅಂಚೆ ಕಚೇರಿಗೆ ಬರೋಣ. ರಾಜನ ಟಪಾಲು ಸೇವೆ ಸಾಮಾನ್ಯ ಜನಕ್ಕೂ ಸಿಕ್ಕಿದ್ದು 1635ರಲ್ಲಿ. 1653ರ ಹೊತ್ತಿಗೆ ಗೂಢಚಾರಿಕೆಯ ಹೊಣೆ ಜಾನ್ ಥರ್ಲೋ ಅನ್ನುವ ವಕೀಲನ ಕೈಗೆ ಬಂತು. 1655ರಲ್ಲಿ ಅಂಚೆ ಇಲಾಖೆಯೂ ಅವನದೇ ಆಯಿತು. ಎರಡೂ ಬೀಗದ ಕೈ ಒಬ್ಬನ ಸೊಂಟದಲ್ಲಿ! ಇದನ್ನು ಅವರು ಮುಚ್ಚಿಡಲೂ ಇಲ್ಲ. 1657ರ ಅಂಚೆ ಕಾಯ್ದೆಯ ಪೀಠಿಕೆಯಲ್ಲೇ, ದೇಶದ ವಿರುದ್ಧ ನಡೆಯುವ ಅಪಾಯಕಾರಿ ಸಂಚುಗಳನ್ನು ಪತ್ತೆ ಹಚ್ಚಲು ಇದು ಒಳ್ಳೆಯ ದಾರಿ ಅಂತ ಬರೆದಿದ್ದಾರೆ. ಬ್ರಿಟಿಷರು ನಮಗೆ ಬಿಟ್ಟುಹೋದ 1898ರ ಅಂಚೆ ಕಾಯ್ದೆಯಲ್ಲೂ ಟಪಾಲು ತಡೆಹಿಡಿಯುವ ಅಧಿಕಾರ ಸರ್ಕಾರಕ್ಕಿತ್ತು, 2023ರ ಹೊಸ ಕಾಯ್ದೆಯಲ್ಲೂ ಇದೆ.

ನಿಮ್ಮ ಕಾದಂಬರಿಯ ರಾತ್ರಿ ದೃಶ್ಯಕ್ಕೆ ನಿಜವಾದ ಮೂಲಪುರುಷ ಯಾರು ಅಂದರೆ ಐಸಾಕ್ ಡೊರಿಸ್ಲಾಸ್. ಅಪ್ಪನ ಹೆಸರೂ ಅದೇ. ಆ ಅಪ್ಪನನ್ನು 1649ರಲ್ಲಿ ಹೇಗ್ ನಗರದಲ್ಲಿ ರಾಜನ ಕಡೆಯವರು ಕೊಂದಿದ್ದರು. ಹಾಗಾಗಿ ಮಗನಿಗೆ ಕೆಲಸದಲ್ಲಿ ಆಸಕ್ತಿ ಇಲ್ಲದೆ ಇರುತ್ತಾ? ಟಪಾಲು ಹೊರಡುವ ರಾತ್ರಿಗಳಲ್ಲಿ ಹನ್ನೊಂದರ ಸುಮಾರಿಗೆ ಬರುತ್ತಿದ್ದ. ಪಕ್ಕದ ಒಂದು ಕೋಣೆಯಲ್ಲಿ ಒಬ್ಬನೇ ಕೂರುತ್ತಿದ್ದ. ಕಾಗದಗಳ ರಾಶಿಯನ್ನು ಅವನ ಮುಂದೆ ಸುರಿಯುತ್ತಿದ್ದರು. ಬೆಳಗಿನ ಜಾವ ಮೂರು, ನಾಲ್ಕರವರೆಗೂ ಅದೇ ಕೆಲಸ. ಎಲ್ಲವನ್ನೂ ಬಿಚ್ಚುತ್ತಿರಲಿಲ್ಲ, ಅಷ್ಟು ಹೊತ್ತೆಲ್ಲಿತ್ತು? ಮೇಲಿನ ವಿಳಾಸ ನೋಡಿದರೆ ಸಾಕು, ಇದು ಯಾರ ಕೈಬರಹ ಅಂತ ಹೇಳುವಷ್ಟು ಪಳಗಿದ್ದ ಅಂತ ಆಗಿನವರೇ ಬರೆದಿಟ್ಟಿದ್ದಾರೆ. ನನಗೆ ಆ ಇಡೀ ಕಾರಖಾನೆಯಲ್ಲಿ ಭಯ ಹುಟ್ಟಿಸುವುದು ಈ ಕಣ್ಣು. ಅರಗು, ಚಾಕು ಎಲ್ಲ ಆಮೇಲಿನ ಮಾತು.

ಬಿಚ್ಚುವುದು ಹೇಗೆ? ತೆಳುವಾದ ಅಲಗನ್ನು ಕಾಯಿಸಿ ಅರಗಿನ ಅಡಿಗೆ ತೂರಿಸಿದರೆ ಮುದ್ರೆ ಇಡಿಯಾಗಿ ಎದ್ದುಬರುತ್ತದೆ. ಓದಿದ ಮೇಲೆ ಅಡಿಯನ್ನು ಸ್ವಲ್ಪ ಬಿಸಿ ಮಾಡಿ ಮತ್ತೆ ಕೂರಿಸಬಹುದು. ಮುದ್ರೆ ಒಡೆದೇಹೋದರೆ? ಅದಕ್ಕೂ ಉಪಾಯವಿತ್ತು. ಒಡೆಯುವ ಮೊದಲೇ ಅದರ ಅಚ್ಚು ತೆಗೆದಿಟ್ಟುಕೊಳ್ಳುವುದು. ಇಟಲಿಯ ಜಾಂಬಾತಿಸ್ತಾ ಡೆಲ್ಲಾ ಪೋರ್ತಾ ಹದಿನಾರನೇ ಶತಮಾನದಲ್ಲೇ ಕರಗಿಸಿದ ಗಂಧಕಕ್ಕೆ ಸೀಸದ ಬಿಳಿಪುಡಿ ಬೆರೆಸಿ ಮುದ್ರೆಯ ಅಚ್ಚು ತೆಗೆಯುವ ವಿಧಾನ ಬರೆದಿದ್ದ. ಅಡುಗೆಯ ಪಾಕ ಹೇಳಿದ ಹಾಗೆ ಹೇಳುತ್ತಾನೆ, ಪುಣ್ಯಾತ್ಮ.

ಥರ್ಲೋ ಕಚೇರಿಯಲ್ಲಿ ಸ್ಯಾಮ್ಯುಯೆಲ್ ಮಾರ್ಲೆಂಡ್ ಅಂತ ಒಬ್ಬನಿದ್ದ. ಆಮೇಲೆ ಲೆಕ್ಕದ ಯಂತ್ರ, ನೀರೆತ್ತುವ ಪಂಪು ಎಲ್ಲ ಮಾಡಿದವನು ಇವನೇ. ಒಂದು ರಾತ್ರಿ ಕ್ರಾಮ್‌ವೆಲ್ ಬಂದು ಥರ್ಲೋ ಜೊತೆ ಗುಟ್ಟು ಮಾತಾಡುವಾಗ ಇವನು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ನಟಿಸಿದ, ಕಂಡ ಕ್ರಾಮ್‌ವೆಲ್ ಕೊಲ್ಲಲು ಕಠಾರಿ ಹಿರಿದ, ಥರ್ಲೋ ತಡೆದ ಅಂತ ಒಂದು ಕಥೆಯಿದೆ. ಕಥೆ ಅಂತಲೇ ಇಟ್ಟುಕೊಳ್ಳಿ. ನಿಜವಾದದ್ದು ಏನೆಂದರೆ, ಮಾರ್ಲೆಂಡ್ ಪಕ್ಷ ಬದಲಿಸಿ ರಾಜನ ಕಡೆಗೆ ಸುದ್ದಿ ಮುಟ್ಟಿಸಿದ. 1660ರಲ್ಲಿ ಎರಡನೇ ಚಾರ್ಲ್ಸ್ ರಾಜನಾಗಿ ಮರಳಿದಾಗ ಇವನಿಗೆ ‘ಸರ್’ ಪದವಿ ಸಿಕ್ಕಿತು.

1664ರಲ್ಲಿ ಇವನು ರಾಜನಿಗೆ ತನ್ನ ಹೊಸ ಯಂತ್ರಗಳನ್ನು ತೋರಿಸಿದ. ಕಾಗದ ಬಿಚ್ಚೋಕೆ ಒಂದು, ಮುದ್ರೆ ನಕಲು ಮಾಡೋಕೆ ಒಂದು, ಇಡೀ ಹಾಳೆಯನ್ನು ಒಂದು ನಿಮಿಷದೊಳಗೆ ಪ್ರತಿ ತೆಗೆಯೋಕೆ ಇನ್ನೊಂದು. ಒದ್ದೆ ಮಾಡಿದ ತೆಳು ಕಾಗದ ಒತ್ತಿ ಶಾಯಿ ಎಳೆಯುತ್ತಿದ್ದಿರಬೇಕು ಅನ್ನುವುದು ಊಹೆ. 1666ರ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಿದ್ದ ದೊಡ್ಡ ಬೆಂಕಿಯಲ್ಲಿ ಅವೆಲ್ಲ ಬೂದಿಯಾದವು. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ?

ಬಿಚ್ಚಿದ ಕಾಗದ ಓದಲು ಬರಬೇಕಲ್ಲ. ಒಳಗೆ ಬರೀ ಅಂಕಿಗಳಿದ್ದರೆ? ಅಂಥದ್ದೆಲ್ಲ ಆಕ್ಸ್‌ಫರ್ಡಿನ ಜಾನ್ ವಾಲಿಸ್ ಹತ್ತಿರ ಹೋಗುತ್ತಿತ್ತು. ಗಣಿತದಲ್ಲಿ ಅನಂತಕ್ಕೆ ಬರೆಯುತ್ತೇವಲ್ಲ, ಮಲಗಿದ ಎಂಟು, ಅದನ್ನು 1655ರಲ್ಲಿ ಬಳಕೆಗೆ ತಂದವನು ಇವನೇ. 1642ರ ಸುಮಾರಿಗೆ ಒಂದು ರಾತ್ರಿ ಊಟದ ಹೊತ್ತಿಗೆ ಯಾರೋ ಒಂದು ಸಂಕೇತದ ಕಾಗದ ತೋರಿಸಿದರು. ಅಕ್ಷರಕ್ಕೊಂದು ಗುರುತು ಬದಲಿಸಿದ ಸುಲಭದ ಸಂಕೇತ. ಮಲಗುವ ಮೊದಲೇ ಬಿಡಿಸಿಬಿಟ್ಟ. ಅಲ್ಲಿಂದ ಶುರುವಾದದ್ದು ಜೀವನಪೂರ್ತಿ ಬಿಡಲಿಲ್ಲ. ಪಾರ್ಲಿಮೆಂಟಿಗೂ ಬಿಡಿಸಿಕೊಟ್ಟ, ಮರಳಿ ಬಂದ ರಾಜನಿಗೂ ಬಿಡಿಸಿಕೊಟ್ಟ, ಆಮೇಲೆ ಬಂದ ಮೂರನೇ ವಿಲಿಯಂಗೂ ಬಿಡಿಸಿಕೊಟ್ಟ. ಜರ್ಮನಿಯ ಗಣಿತಜ್ಞ ಲೈಬ್‌ನಿಟ್ಸ್ ಈ ವಿದ್ಯೆಯನ್ನು ಹುಡುಗರಿಗೆ ಕಲಿಸಿಕೊಡಿ ಅಂತ ಕೇಳಿಕೊಂಡರೆ ಆಗಲ್ಲ ಅಂದ.

ಆದರೆ ಇಲ್ಲೊಂದು ಮಾತು. ಸುಲಭದ್ದು ಒಂದು ರಾತ್ರಿಯಲ್ಲಿ ಆಗಬಹುದು. ನೂರಾರು ಅಂಕಿಗಳ, ಹೆಸರಿಗೊಂದು ಪದಕ್ಕೊಂದು ಸಂಖ್ಯೆ ಇಟ್ಟ ಸಂಕೇತಕ್ಕೆ ವಾಲಿಸ್‌ನಂಥವನಿಗೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ನಿಮ್ಮ ನಾಯಕ ಮೇಣದಬತ್ತಿ ಕರಗುವಷ್ಟರಲ್ಲಿ ಎಲ್ಲವನ್ನೂ ಬಿಡಿಸಿದರೆ ಲೇಖಕರಿಗೆ ಅವಸರವಿತ್ತು ಅಂತ ಅರ್ಥ.

ಕಾಣದ ಶಾಯಿಯೂ ನಿಜ. ನಾವೆಲ್ಲ ಚಿಕ್ಕವರಿದ್ದಾಗ ನಿಂಬೆರಸದಲ್ಲಿ ಬರೆದು ದೀಪಕ್ಕೆ ಹಿಡಿದು ಆಡಿದ್ದೇ, ಅಲ್ವಾ? ಅಲ್ಲೂ ಒಂದು ಸೂಕ್ಷ್ಮವಿತ್ತು. 1597ರಲ್ಲಿ ಲಂಡನ್ ಟವರ್ ಸೆರೆಮನೆಯಿಂದ ತಪ್ಪಿಸಿಕೊಂಡ ಜಾನ್ ಜೆರಾರ್ಡ್ ಅನ್ನುವ ಪಾದ್ರಿ ನಿಂಬೆರಸಕ್ಕಿಂತ ಕಿತ್ತಳೆ ರಸವೇ ವಾಸಿ ಅನ್ನುತ್ತಾನೆ. ನಿಂಬೆಯ ಬರಹ ನೀರು ಸೋಕಿಸಿದರೂ ಕಾಣುತ್ತದೆ, ಒಣಗಿದರೆ ಮತ್ತೆ ಮಾಯ. ನಡುವೆ ಯಾರು ಓದಿದರೋ ತಿಳಿಯದು. ಕಿತ್ತಳೆಯದು ಬಿಸಿಗೆ ಮಾತ್ರ ಮೂಡುತ್ತದೆ, ಮೂಡಿದ್ದು ಅಳಿಯುವುದಿಲ್ಲ. ಕೈಗೆ ಬಂದಾಗಲೇ ಅಕ್ಷರ ಕಂಡರೆ ಕೆಲಸ ಕೆಟ್ಟಿತು ಅಂತ ಲೆಕ್ಕ. 1606ರಲ್ಲಿ ಅದೇ ಸೆರೆಮನೆಯಲ್ಲಿದ್ದ ಪಾದ್ರಿ ಹೆನ್ರಿ ಗಾರ್ನೆಟ್ ಬರೆದದ್ದೂ ಕಿತ್ತಳೆ ರಸದಲ್ಲೇ. ಆದರೆ ಕಾಗದ ಒಯ್ಯುತ್ತಿದ್ದ ಕಾವಲಿನವನೇ ಅದನ್ನು ಮೊದಲು ಅಧಿಕಾರಿಗಳಿಗೆ ಕೊಡುತ್ತಿದ್ದ.

ಕಾದಂಬರಿಗಳು ಜಾಸ್ತಿ ಎಡವುವುದು ದುಡ್ಡಿನ ವಿಷಯದಲ್ಲಿ. ನಾಯಕನ ಜೇಬಿನಲ್ಲಿ ಯಾವಾಗಲೂ ಚಿನ್ನದ ನಾಣ್ಯ ಇರುತ್ತದೆ. ಆಫ್ರಾ ಬೆನ್ ಕಥೆ ಕೇಳಿ. 1666ರಲ್ಲಿ, ಡಚ್ಚರ ಜೊತೆ ಯುದ್ಧ ನಡೆಯುವಾಗ, ಎರಡನೇ ಚಾರ್ಲ್ಸ್‌ನ ಸರ್ಕಾರ ಈಕೆಯನ್ನು ಆಂಟ್‌ವರ್ಪ್‌ಗೆ ಕಳಿಸಿತು. ಗುಟ್ಟಿನ ಹೆಸರು ಆಸ್ಟ್ರೇಯಾ. ವಿಲಿಯಂ ಸ್ಕಾಟ್ ಅನ್ನುವವನನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವುದು ಕೆಲಸ. ಅವನ ಅಪ್ಪ ಹಳೇ ರಾಜನ ಮರಣದಂಡನೆಗೆ ಸಹಿ ಹಾಕಿದವರಲ್ಲಿ ಒಬ್ಬ. ಆಕೆ ಕಾಗದದ ಮೇಲೆ ಕಾಗದ ಬರೆದಳು. ಸುದ್ದಿಯ ಜೊತೆಗೆ ದುಡ್ಡು ಕಳಿಸಿ, ದುಡ್ಡು ಕಳಿಸಿ ಅನ್ನುವ ಗೋಳು. ದುಡ್ಡು ಬರಲಿಲ್ಲ. ಸಾಲ ಮಾಡಿಯೇ ಊರಿಗೆ ಮರಳಬೇಕಾಯಿತು. 1670ರಲ್ಲಿ ಆಕೆಯ ಮೊದಲ ನಾಟಕ ಲಂಡನ್ನಿನ ರಂಗಕ್ಕೆ ಬಂತು. ಬರವಣಿಗೆಯಿಂದಲೇ ಹೊಟ್ಟೆ ಹೊರೆದ ಮೊದಲ ಇಂಗ್ಲಿಷ್ ಹೆಂಗಸರ ಸಾಲಿನಲ್ಲಿ ಆಕೆಯ ಹೆಸರಿದೆ. ಗೂಢಚಾರಿಕೆಯ ಸಂಬಳ ಸರಿಯಾಗಿ ಬಂದಿದ್ದರೆ ನಾಟಕ ಬರೆಯುತ್ತಿದ್ದಳೋ ಇಲ್ಲವೋ!

ಇನ್ನು ಕಾದಂಬರಿಯಲ್ಲಿ ಬಂದರೆ ‘ಅತಿಯಾಯ್ತು’ ಅನ್ನುವಂಥದ್ದು ಒಂದು. ಇವತ್ತು ಬ್ರಿಟನ್ ಪ್ರಧಾನಿಯ ಮನೆಯಿರುವ ಡೌನಿಂಗ್ ಬೀದಿ ಯಾರ ಹೆಸರಿನದೋ ಆ ಜಾರ್ಜ್ ಡೌನಿಂಗ್, ಹಾಲೆಂಡಿನಲ್ಲಿ ರಾಯಭಾರಿಯಾಗಿದ್ದ. ಅಲ್ಲಿನ ನಾಯಕ ಡಿ ವಿಟ್ ಮಲಗಿದ್ದಾಗ ಅವನ ಜೇಬಿನಿಂದ ಬೀಗದ ಕೈ ಎಗರಿಸಿ, ಕಪಾಟಿನ ಕಾಗದಪತ್ರ ತರಿಸಿಕೊಂಡು ಒಂದು ಗಂಟೆ ಇಟ್ಟುಕೊಂಡು, ಎಲ್ಲವನ್ನೂ ಮತ್ತೆ ಸ್ವಸ್ಥಾನಕ್ಕೆ ಸೇರಿಸುತ್ತಿದ್ದೆವು ಅಂತ ಅವನೇ ಹೇಳಿಕೊಂಡಿದ್ದ. 1668ರ ಡಿಸೆಂಬರಿನಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಇದನ್ನು ತನ್ನ ಡೈರಿಯಲ್ಲಿ ಬರೆದಿಟ್ಟ. ಡೌನಿಂಗ್ ಬಡಾಯಿ ಕೊಚ್ಚಿಕೊಂಡಿರಲೂಬಹುದು, ಅಂಥ ಮನುಷ್ಯನೇ.

ಇಷ್ಟೆಲ್ಲ ಗುಟ್ಟು ನಮಗೆ ತಲುಪಿದ್ದು ಹೇಗೆ ಅಂತ ಮುಂದಿನ ಪ್ರಶ್ನೆ ನೀವು ಕೇಳೇ ಕೇಳುತ್ತೀರಿ. ಥರ್ಲೋ 1668ರಲ್ಲಿ ತೀರಿಕೊಂಡ. ಅವನ ಕಾಗದಪತ್ರಗಳು ಎಲ್ಲಿ ಹೋದವು ಅಂತ ಯಾರಿಗೂ ತಿಳಿದಿರಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ, ಮೂರನೇ ವಿಲಿಯಂ ಕಾಲದಲ್ಲಿ, ಅವನು ಇದ್ದ ಲಿಂಕನ್ಸ್ ಇನ್ ಕಟ್ಟಡದ ಅಟ್ಟದಲ್ಲಿ ಒಂದು ಸುಳ್ಳು ಛಾವಣಿಯ ಹಿಂದೆ ಅವು ಸಿಕ್ಕವು. 1742ರಲ್ಲಿ ಅವನ್ನು ಏಳು ದಪ್ಪ ಸಂಪುಟಗಳಾಗಿ ಅಚ್ಚು ಹಾಕಿದರು. ಅದರಲ್ಲಿ ಥರ್ಲೋ ಕಡೆಯವರು ದಾರಿಯಲ್ಲಿ ಹಿಡಿದ ಕಾಗದಗಳು ಬೇಕಾದಷ್ಟಿವೆ. ಯಾರಿಗೋ ಬರೆದದ್ದು, ಮೇಲೆ ಇನ್ಯಾರದೋ ವಿಳಾಸ.