ಅಪರೂಪದ ಘಟನೆ ಮತ್ತು ಅನುಭವದ ಲೆಕ್ಕ: ಸಂಭವನೀಯತೆಯನ್ನು ಓದುತ್ತಿರುವವರಿಗೆ ಒಂದು ಟಿಪ್ಪಣಿ

ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಸಯಾಮಿನ ಅರಸನೊಬ್ಬನ ಪ್ರಸಂಗವನ್ನು ಬರೆದಿದ್ದಾನೆ. ಹಾಲೆಂಡಿನ ರಾಯಭಾರಿ ತನ್ನ ನಾಡಿನ ಸಂಗತಿಗಳನ್ನು ವಿವರಿಸುತ್ತ, ಚಳಿಗಾಲದಲ್ಲಿ ನೀರು ಎಷ್ಟು ಗಟ್ಟಿಯಾಗುತ್ತದೆಂದರೆ ಅದರ ಮೇಲೆ ಆನೆಯೂ ನಡೆಯಬಹುದು ಎಂದನಂತೆ. ಅಲ್ಲಿಯವರೆಗಿನ ವಿಚಿತ್ರಗಳನ್ನೆಲ್ಲ ನಂಬಿದ್ದ ಅರಸ, ನೀನು ಸುಳ್ಳು ಹೇಳುತ್ತಿರುವುದು ಈಗ ಖಚಿತವಾಯಿತು ಎಂದುಬಿಟ್ಟ. ಈ ಅರಸನನ್ನು ಮೂಢನೆಂದು ತಳ್ಳಿಹಾಕುವುದು ಸರಿಯಲ್ಲ. ಅವನು ಹುಟ್ಟಿದಂದಿನಿಂದ ನೀರನ್ನು ನೋಡಿದ್ದ, ಒಮ್ಮೆಯೂ ಅದು ಕಲ್ಲಾದದ್ದನ್ನು ಕಂಡಿರಲಿಲ್ಲ. ತೊಡಕಿರುವುದು ಅವನ ಅನುಭವದ ಪ್ರಮಾಣದಲ್ಲಲ್ಲ. ಆ ಅನುಭವವೆಲ್ಲವೂ ಒಂದೇ ಹವೆಯಲ್ಲಿ ಕೂಡಿಟ್ಟದ್ದು ಎಂಬುದರಲ್ಲಿ. ಬದುಕಿದ ವರ್ಷಗಳು ಅಪರೂಪದ ಘಟನೆಯೊಂದರ ಬಗ್ಗೆ ಎಷ್ಟರಮಟ್ಟಿಗೆ ಸಾಕ್ಷ್ಯವಾಗಬಲ್ಲವು ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ಲೆಕ್ಕವನ್ನು ನೋಡೋಣ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದರೆ ಶತಮಾನಕ್ಕೊಂದರಂತೆ ಸರತಿಯಲ್ಲಿ ಬರುವ ನೆರೆ ಎಂದರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವನೀಯತೆ ಶೇ 1 ಎಂದರ್ಥ. ಒಂದು ವರ್ಷ ಅದು ಬಾರದಿರುವ ಸಂಭವನೀಯತೆ 0.99. ಒಂದು ವರ್ಷಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಭಾವಿಸಿದರೆ, 25 ವರ್ಷ ಬಾರದಿರುವ ಸಂಭವನೀಯತೆ 0.99ನ್ನು 25 ಸಲ ಗುಣಿಸಿದಾಗ ಬರುವ ಸುಮಾರು 0.78. ಅರವತ್ತು ವರ್ಷಕ್ಕೆ ಅದು ಸುಮಾರು 0.55, ಎಂಬತ್ತು ವರ್ಷಕ್ಕೆ ಸುಮಾರು 0.45. ಅಂದರೆ ಅಂಥ ನದಿಯ ದಂಡೆಯಲ್ಲೇ ಅರವತ್ತು ವರ್ಷ ಬಾಳಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಆ ನೆರೆಯನ್ನು ಕಾಣದೇ ಇರಬಹುದು. ‘ನನ್ನ ಜೀವಮಾನದಲ್ಲಿ ಇಲ್ಲಿಗೆ ನೀರು ಬಂದದ್ದಿಲ್ಲ’ ಎಂಬ ಅವರ ಮಾತು ಅಕ್ಷರಶಃ ಸತ್ಯ. ಅದರಿಂದ ‘ಇಲ್ಲಿಗೆ ನೀರು ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ದಾಟುವಾಗ ಲೆಕ್ಕ ಜೊತೆಗೆ ಬರುವುದಿಲ್ಲ.

ಹಾಗಾದರೆ ಕಾಣದಿರುವುದರಿಂದ ನಾವು ಏನನ್ನು ಹೇಳಬಹುದು? ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬ ಸುಲಭವಾದ ಸಾಧನವಿದೆ. n ಅವಕಾಶಗಳಲ್ಲಿ ಒಮ್ಮೆಯೂ ಘಟನೆ ನಡೆಯದಿದ್ದರೆ, ಅದರ ಸಂಭವನೀಯತೆ 3/nಕ್ಕಿಂತ ಹೆಚ್ಚಿರಲಾರದೆಂದು ಶೇ 95ರ ವಿಶ್ವಾಸಮಟ್ಟದಲ್ಲಿ ಹೇಳಬಹುದು. n ತೀರ ಚಿಕ್ಕದಾಗಿರಬಾರದು, ಅವಕಾಶಗಳು ಒಂದನ್ನೊಂದು ಅವಲಂಬಿಸಿರಬಾರದು, ಸಂಭವನೀಯತೆ ನಡುವೆ ಬದಲಾಗಿರಬಾರದು ಎಂಬುದು ಎಚ್ಚರಿಕೆ. ಪ್ರತಿ ಅವಕಾಶದ ಸಂಭವನೀಯತೆಯನ್ನು p ಎಂದಿಟ್ಟುಕೊಂಡು, (1−p)ಯ n ಘಾತವನ್ನು 0.05ಕ್ಕೆ ಸಮೀಕರಿಸಿ ಲಾಗರಿದಮ್ ತೆಗೆದರೆ np ಸುಮಾರು 3 ಎಂದು ಬರುತ್ತದೆ, ನಿಯಮದ ಮೂಲ ಅಷ್ಟೇ. ಅರವತ್ತು ವರ್ಷದ ಅನುಭವಕ್ಕೆ ಇದನ್ನು ಹಚ್ಚಿದರೆ ದೊರೆಯುವ ಮೇಲ್ಮಿತಿ 3/60, ಅಂದರೆ ಇಪ್ಪತ್ತು ವರ್ಷಕ್ಕೊಮ್ಮೆ. ಅದಕ್ಕಿಂತ ಪದೇ ಪದೇ ನಡೆಯುವ ಘಟನೆಯಾಗಿದ್ದರೆ ಬಹುಶಃ ಕಣ್ಣಿಗೆ ಬಿದ್ದಿರುತ್ತಿತ್ತು ಎಂದಷ್ಟೇ ಆ ಅರವತ್ತು ವರ್ಷ ಹೇಳುತ್ತದೆ. ಘಟನೆ ನೂರು ವರ್ಷಕ್ಕೊಮ್ಮೆಯದೋ, ಸಾವಿರ ವರ್ಷಕ್ಕೊಮ್ಮೆಯದೋ, ಎಂದೂ ನಡೆಯದ್ದೋ ಎಂದು ವಿಂಗಡಿಸುವ ಶಕ್ತಿ ಒಂದು ಆಯುಷ್ಯಕ್ಕಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎತ್ತುವ ಆಕ್ಷೇಪವೊಂದಿದೆ: ಊರಿನಲ್ಲಿ ಅಂಥ ಹತ್ತು ಮಂದಿ ಹಿರಿಯರಿದ್ದಾರೆ, ಹತ್ತೂ ಜನರ ಅನುಭವವನ್ನು ಕೂಡಿದರೆ ಆರುನೂರು ವರ್ಷವಾಗುವುದಿಲ್ಲವೇ? ಆಗುವುದಿಲ್ಲ. ಅವರೆಲ್ಲರೂ ನೋಡಿದ್ದು ಅದೇ ಅರವತ್ತು ಮಳೆಗಾಲಗಳನ್ನು, ಅದೇ ಹೊಳೆಯನ್ನು. ಹತ್ತು ಬಾಯಿಂದ ಒಂದೇ ಸಾಕ್ಷ್ಯವನ್ನು ಕೇಳಿದಾಗ ನಮ್ಮ ಖಾತ್ರಿ ಹತ್ತರಷ್ಟಾಗುತ್ತದೆ, ಸಾಕ್ಷ್ಯವಾದರೋ ಇದ್ದಷ್ಟೇ ಇರುತ್ತದೆ. ಇದಕ್ಕೆ ಪ್ರತಿಯಾಗಿ, ದಿನಕ್ಕೆ ನಲವತ್ತು ರೋಗಿಗಳನ್ನು ನೋಡುವ ವೈದ್ಯರನ್ನು ಊಹಿಸಿಕೊಳ್ಳಿ. ವರ್ಷಕ್ಕೆ 300 ದಿನ ಕೆಲಸವೆಂದರೆ 12,000 ಭೇಟಿಗಳಾದವು. ಹತ್ತು ಸಾವಿರ ಭೇಟಿಗಳಲ್ಲಿ ಒಮ್ಮೆ ಎದುರಾಗುವ ರೋಗವನ್ನು ಅವರು ಹತ್ತು ವರ್ಷದಲ್ಲಿ ಸರಾಸರಿ ಹನ್ನೆರಡು ಸಲ ಕಾಣುತ್ತಾರೆ. ಅವರ ಅನುಭವ ನಿಜಕ್ಕೂ ಅಪರೂಪವನ್ನು ಅಳೆಯಬಲ್ಲದು, ಆದರೆ ಗುರುತು ಹಿಡಿಯದೆ ಕಳಿಸಿದ ರೋಗಿಗೆ ಮುಂದೇನಾಯಿತೆಂಬುದು ಅವರಿಗೆ ತಿಳಿದುಬರಬೇಕು. ಆದ್ದರಿಂದ ಅನುಭವವನ್ನು ತೂಗುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ವರ್ಷ?’ ಎಂಬುದಲ್ಲ, ‘ಎಷ್ಟು ಸ್ವತಂತ್ರ ಅವಕಾಶಗಳು?’ ಎಂಬುದು.

ಮನಶ್ಶಾಸ್ತ್ರದ ಪ್ರಯೋಗಗಳೂ ಇದೇ ದಿಕ್ಕಿನಲ್ಲಿವೆ. ಡ್ಯಾನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದ್ದು, ಸಂಭವನೀಯತೆಯನ್ನು ಬರೆದು ಕೊಟ್ಟಾಗ ಜನರು ಅಪರೂಪದ ಫಲಿತಾಂಶಕ್ಕೆ ಅದರ ಯೋಗ್ಯತೆಗಿಂತ ಹೆಚ್ಚು ತೂಕ ಕೊಡುತ್ತಾರೆಂದು. ಅದೇ ಜನ ಲಾಟರಿಯನ್ನೂ ವಿಮೆಯನ್ನೂ ಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ 2004ರಲ್ಲಿ ರಾಲ್ಫ್ ಹರ್ಟ್‌ವಿಗ್ ಮತ್ತು ಸಂಗಡಿಗರು ಜನರಿಗೆ ಅಂಕಿಗಳನ್ನು ಹೇಳದೆ, ಎರಡು ಆಯ್ಕೆಗಳ ಗುಂಡಿಗಳನ್ನು ಒತ್ತಿ ಫಲಿತಾಂಶವನ್ನು ತಾವೇ ಕಂಡುಕೊಳ್ಳಲು ಬಿಟ್ಟಾಗ ಚಿತ್ರ ತಿರುವುಮುರುವಾಯಿತು: ಅಪರೂಪದ ಫಲಿತಾಂಶಕ್ಕೆ ಯೋಗ್ಯತೆಗಿಂತ ಕಡಿಮೆ ತೂಕ ಬಿತ್ತು. ಕಾರಣದ ಒಂದು ಭಾಗ ಶುದ್ಧ ಅಂಕಗಣಿತ. ಭಾಗವಹಿಸಿದವರು ಎರಡೂ ಆಯ್ಕೆಗಳನ್ನು ಸೇರಿಸಿ ಒತ್ತಿದ್ದು ಸುಮಾರು ಹದಿನೈದು ಸಲ, ಅಂದರೆ ಒಂದೊಂದಕ್ಕೆ ಏಳೆಂಟು ಸಲ. ಶೇ 10ರ ಫಲಿತಾಂಶವೊಂದು ಏಳು ಪ್ರಯತ್ನಗಳಲ್ಲಿ ಒಮ್ಮೆಯೂ ಕಾಣಿಸದಿರುವ ಸಂಭವನೀಯತೆ 0.48ರಷ್ಟಿದೆ. ಹೆಚ್ಚುಕಡಿಮೆ ಅರ್ಧದಷ್ಟು ಜನರ ಪಾಲಿಗೆ ಅದು ಇಲ್ಲವೇ ಇಲ್ಲ.

ವಯಸ್ಸಿನ ಪಾತ್ರ ಇಲ್ಲಿ ಎರಡು ಕವಲಾಗುತ್ತದೆ. ಕಿರಿಯರ ಬಳಿ ಅನುಭವದ ರಾಶಿ ಚಿಕ್ಕದು, ಆದ್ದರಿಂದ ಒಂದೇ ಘಟನೆ ಅವರ ಅಂದಾಜನ್ನು ಬಹಳ ದೂರ ತಳ್ಳುತ್ತದೆ. ಅರ್ಥಶಾಸ್ತ್ರಜ್ಞರಾದ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೆಫಾನ್ ನಾಗೆಲ್ 2011ರಲ್ಲಿ ಅಮೆರಿಕದ ಕುಟುಂಬಗಳ ದಶಕಗಳ ಮಾಹಿತಿಯನ್ನು ಪರಿಶೀಲಿಸಿ, ತಮ್ಮ ಜೀವಿತಾವಧಿಯಲ್ಲಿ ಷೇರುಪೇಟೆಯ ಕೆಟ್ಟ ದಿನಗಳನ್ನು ಹೆಚ್ಚು ಕಂಡವರು ಷೇರುಗಳಿಂದ ದೂರ ಉಳಿಯುತ್ತಾರೆಂದೂ, ಇತ್ತೀಚಿನ ಏರಿಳಿತಕ್ಕೆ ಹಿರಿಯರಿಗಿಂತ ಕಿರಿಯರು ಹೆಚ್ಚು ಸ್ಪಂದಿಸುತ್ತಾರೆಂದೂ ತೋರಿಸಿದರು. ಪೇಟೆಯ ಇತಿಹಾಸ ಪುಸ್ತಕದಲ್ಲಿ ಎಲ್ಲರಿಗೂ ಒಂದೇ, ಆದರೂ ಮನಸ್ಸು ತೂಗುವುದು ತಾನು ಬಾಳಿದ ವರ್ಷಗಳನ್ನು. ಇನ್ನೊಂದು ಕವಲು ಹಿರಿಯರದು. ಜೂಲಿಯಾ ಪ್ರಿಮ್ಸ್ ಮತ್ತು ಡಾನ್ ಮೂರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಯಸ್ಸಾದಂತೆ ಜನರು ತಮ್ಮನ್ನು ಇತರರಿಗಿಂತ ಮೇಲೆಂದು ಭಾವಿಸುವುದೇನೂ ಹೆಚ್ಚುವುದಿಲ್ಲ. ಹೆಚ್ಚುವುದು ತಮ್ಮ ಅಂದಾಜು ನಿಖರವಾಗಿದೆ ಎಂಬ ಖಾತ್ರಿ. ‘ನನ್ನ ಕೂದಲು ಬಿಸಿಲಿಗೆ ನರೆತದ್ದಲ್ಲ’ ಎನ್ನುವವರು ಜಂಬ ಕೊಚ್ಚುತ್ತಿಲ್ಲ ಎಂದು ನಾನು ಈ ಫಲಿತಾಂಶವನ್ನು ಓದುತ್ತೇನೆ. ಅವರು ತಪ್ಪಿಗೆ ಬಿಡಬೇಕಾದ ಅಂತರವನ್ನು ಕಿರಿದು ಮಾಡಿಕೊಂಡಿರುತ್ತಾರೆ, ಅಷ್ಟೇ. ದಿನನಿತ್ಯದ ವಿಷಯಗಳಲ್ಲಿ ಆ ಕಿರಿದಾದ ಅಂತರ ಅವರಿಗೆ ಸಲ್ಲುತ್ತದೆ, ಅಪರೂಪದ ವಿಷಯದಲ್ಲಿ ಮಾತ್ರ ಅದು ಸಾಲದ ಹಣ.

ಸಂಸ್ಥೆಗಳಿಗೂ ವಯಸ್ಸಾಗುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ನಾಶವಾದಾಗ ಅದು ಅಮೆರಿಕದ ಬಾಹ್ಯಾಕಾಶ ಷಟಲ್ ಯೋಜನೆಯ 25ನೆಯ ಯಾನ. ಹಿಂದಿನ 24 ಯಾನಗಳೂ ಸುರಕ್ಷಿತವಾಗಿ ಮರಳಿದ್ದವು. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ಕಳೆದುಹೋಗುವ ಸಂಭವನೀಯತೆಯನ್ನು ಎಂಜಿನಿಯರುಗಳು ಸುಮಾರು ನೂರಕ್ಕೆ ಒಂದೆಂದೂ ಆಡಳಿತದವರು ಲಕ್ಷಕ್ಕೆ ಒಂದೆಂದೂ ಹೇಳುತ್ತಿದ್ದುದನ್ನು ಗುರುತಿಸಿದರು. ಲಕ್ಷಕ್ಕೆ ಒಂದೆಂದರೆ ದಿನಕ್ಕೊಂದು ನೌಕೆಯನ್ನು ಸುಮಾರು ಮುನ್ನೂರು ವರ್ಷ ಹಾರಿಸಿದರೂ ಒಂದನ್ನು ಮಾತ್ರ ಕಳೆದುಕೊಳ್ಳಬೇಕು. ಇಪ್ಪತ್ತನಾಲ್ಕು ಯಶಸ್ಸುಗಳು ಇಷ್ಟು ದೊಡ್ಡ ಮಾತಿಗೆ ಆಧಾರವಾಗಲಾರವು: ಮೂರರ ನಿಯಮದ ಮೇಲ್ಮಿತಿ 3/24, ಅಂದರೆ ಎಂಟಕ್ಕೆ ಒಂದು. ಏನೂ ತಿಳಿಯದ ಸ್ಥಿತಿಯಿಂದ ಹೊರಟು, ಮುಂದಿನ ಸಲದ ಸಂಭವನೀಯತೆಯನ್ನು (ಕಂಡ ಸಲ + 1) / (ಒಟ್ಟು ಸಲ + 2) ಎಂದು ಅಂದಾಜಿಸುವ, ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಸೂತ್ರವನ್ನು ಬಳಸಿದರೆ 1/26. 1981ರಿಂದ 2011ರವರೆಗಿನ 135 ಯಾನಗಳಲ್ಲಿ ಎರಡು ನೌಕೆಗಳು ನಾಶವಾದವು, ಎಂದರೆ ಸುಮಾರು 67ಕ್ಕೆ ಒಂದು. ಎಂಜಿನಿಯರುಗಳು ಸತ್ಯಕ್ಕೆ ಎಷ್ಟು ಹತ್ತಿರವಿದ್ದರೆಂಬುದನ್ನು ಗಮನಿಸಿ.

ಇದಕ್ಕಿಂತ ಸೂಕ್ಷ್ಮವಾದ ಅಂಶವೊಂದು ಅದೇ ಪ್ರಕರಣದಲ್ಲಿದೆ. ಹಿಂದಿನ ಹಲವು ಯಾನಗಳಲ್ಲೇ ರಾಕೆಟ್ ಕೀಲುಗಳ ರಬ್ಬರ್ ಉಂಗುರಗಳು ಬಿಸಿ ಅನಿಲಕ್ಕೆ ಸವೆದಿದ್ದವು. ಸವೆದೂ ನೌಕೆ ಮರಳಿತೆಂಬುದನ್ನು ಸುರಕ್ಷತೆಯ ಸಾಕ್ಷ್ಯವೆಂದು ಬಗೆಯಲಾಯಿತು, ಆದರೆ ವಿನ್ಯಾಸದ ಪ್ರಕಾರ ಅವು ಸವೆಯಲೇಬಾರದಿತ್ತು. ಗಂಡಾಂತರ ತಪ್ಪಿಹೋದ ಸಂದರ್ಭವನ್ನು ಯಶಸ್ಸಿನ ಕಾಲಮಿನಲ್ಲಿ ಬರೆಯುತ್ತೇವೋ ಎಚ್ಚರಿಕೆಯ ಕಾಲಮಿನಲ್ಲಿ ಬರೆಯುತ್ತೇವೋ ಎಂಬುದರ ಮೇಲೆ ಅನುಭವದ ಅರ್ಥವೇ ಬದಲಾಗುತ್ತದೆ. ನಮ್ಮ ಬೀದರ್, ಕಲಬುರಗಿಗಳ ನೆರೆಯಲ್ಲಿರುವ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲೂ 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪಕ್ಕೆ ಮೊದಲು, ಹಿಂದಿನ ವರ್ಷವೇ ಸಣ್ಣ ಕಂಪನಗಳಾಗಿದ್ದವು. 6.2ರ ತೀವ್ರತೆಯ ಆ ಕಂಪನದಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು, ಸಾವಿರಾರು ಜನ ಸತ್ತರು. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ನಕ್ಷೆಯೂ ಒಬ್ಬ ಹಿರಿಯನಿದ್ದಂತೆ. ತನ್ನ ದಾಖಲೆಯಲ್ಲಿದ್ದುದನ್ನು ಹೇಳಿತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು.

ಹಿರಿತನದ ಅನುಭವ ಅಪರೂಪದ ಮುಂದೆ ನಿಷ್ಪ್ರಯೋಜಕವೆಂದು ಇಷ್ಟರಿಂದ ತೀರ್ಮಾನಿಸಿದರೆ ಅದೂ ಅವಸರವಾದೀತು. ಇಂಡೊನೇಷ್ಯಾದ ಸಿಮೆಲುವೆ ದ್ವೀಪದಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಲ್ಲಿನವರು ಅದನ್ನು ‘ಸ್ಮೋಂಗ್’ ಎಂದು ಕರೆದು, ಕಥೆಗಳಲ್ಲಿಯೂ ಜೋಗುಳಗಳಲ್ಲಿಯೂ ಮಕ್ಕಳಿಗೆ ದಾಟಿಸಿದರು. 2004ರ ಡಿಸೆಂಬರ್ 26ರಂದು ನೆಲ ಜೋರಾಗಿ ನಡುಗಿದಾಗ ಜನ ಗುಡ್ಡ ಹತ್ತಿದರು. ಸುಮಾರು 78,000 ಜನಸಂಖ್ಯೆಯಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ. ಇಲ್ಲಿ ದಾಟಿ ಬಂದ ತಿಳಿವಳಿಕೆಯ ಸ್ವರೂಪವನ್ನು ಗಮನಿಸಬೇಕು. ಸುನಾಮಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆಂದು ಆ ಹಿರಿಯರು ಹೇಳಲಿಲ್ಲ. ಒಂದು ಘಟನೆಯಿಂದ ಅದನ್ನು ಹೇಳಲು ಬರುವುದೂ ಇಲ್ಲ. ನೆಲ ನಡುಗಿ ಸಮುದ್ರ ಹಿಂದೆ ಸರಿದರೆ ಮೇಲಕ್ಕೆ ಓಡಿ ಎಂದರು. ಮೊದಲನೆಯದು ಆವರ್ತನದ ಅಂದಾಜು, ಎರಡನೆಯದು ಷರತ್ತುಬದ್ಧ ಸಂಭವನೀಯತೆ. ಇಂಥ ಕುರುಹು ಕಂಡಿತೆಂದಾದರೆ ಅಪಾಯ ಎಷ್ಟು ಎಂಬುದಕ್ಕೆ ಒಂದೇ ಒಂದು ಅನುಭವವೂ ಬೆಲೆಯುಳ್ಳ ಮಾಹಿತಿಯಾಗುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ: ಒಂದು ಕೆರೆಯ ಕೋಡಿಯನ್ನು 35 ವರ್ಷ ನೋಡಿಕೊಂಡ ನೀರಗಂಟಿಯೊಬ್ಬರು, ಏರಿಯ ಮೇಲೆ ನೀರು ಹರಿದದ್ದನ್ನು ತಾವು ಕಂಡೇ ಇಲ್ಲ ಎನ್ನುತ್ತಾರೆ. ಮೂರರ ನಿಯಮದಿಂದ ವರ್ಷವೊಂದರ ಮೇಲ್ಮಿತಿಯನ್ನೂ, ಲಾಪ್ಲಾಸನ ಸೂತ್ರದಿಂದ ಮುಂದಿನ ವರ್ಷದ ಅಂದಾಜನ್ನೂ ಕಂಡುಹಿಡಿಯಿರಿ. ಅನಂತರ ಇವೆರಡರಲ್ಲಿ ಯಾವುದನ್ನೂ ಬದಲಿಸದೆ, ಆ 35 ವರ್ಷಗಳ ನಡುವೆ ಮೇಲಿನ ಹಳ್ಳದ ಕಾಡು ಕಡಿದುಹೋಗಿದ್ದರೆ ಉತ್ತರದ ಯಾವ ಆಧಾರ ಕುಸಿಯುತ್ತದೆ ಎಂಬುದನ್ನು ಬರೆಯಿರಿ.