ಪೊರೆ ತೆಗೆದರಷ್ಟೇ ಸಾಕಿತ್ತಾ? ಕಣ್ಣು ಕ್ಯಾಂಪ್‌ಗಳ ಹಿಂದಿನ ಕಥೆ

ಉತ್ತರ ಕರ್ನಾಟಕದಲ್ಲಿ ಪುಕ್ಕಟೆ ಕಣ್ಣಿನ ಆಪರೇಷನ್ ಅಂದರೆ ಹಿರಿಯರಿಗೆ ಮೊದಲು ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಇವರು 1943ರಿಂದ ಊರೂರು ಸುತ್ತಿ, ಕ್ಯಾಂಪ್ ಹಾಕಿ ಪೊರೆ ತೆಗೆದರು. ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕ ಸೇರಿತು. 1993ರ ಹೊತ್ತಿಗೆ ಅವರ ಒಟ್ಟು ಲೆಕ್ಕ ಆರು ಲಕ್ಷ ದಾಟಿತ್ತು.

ಒಂದು ದಿನಕ್ಕೆ 833! ಇದು ಸಾಧ್ಯವಾಗಿದ್ದು ಅವರ ಕೈಚಳಕದಿಂದ ಮಾತ್ರ ಅಲ್ಲ, ಆಗಿನ ಆಪರೇಷನ್ ಇದ್ದ ರೀತಿಯಿಂದಲೂ ಹೌದು. ಪೊರೆ ಅಂದರೆ ಕಣ್ಣೊಳಗಿನ ಲೆನ್ಸೇ ಮಬ್ಬಾಗುವುದು. ಆಗ ಅದನ್ನು ಸುತ್ತಲಿನ ತೆಳು ಚೀಲದ ಸಮೇತ ಹೊರಗೆ ತೆಗೆಯುತ್ತಿದ್ದರು. ಅದರ ಜಾಗಕ್ಕೆ ಏನೂ ಹಾಕುತ್ತಿರಲಿಲ್ಲ. ಪೊರೆ ‘ಹಣ್ಣಾಗಲಿ’ ಎಂದು ಕಾಯಿಸುತ್ತಿದ್ದ ಕಾಲ ಅದು. ಇವತ್ತಿಗೂ ಹಾಗೆ ಕಾಯುವವರಿದ್ದಾರೆ, ಕಾಯುವ ಅಗತ್ಯ ಮಾತ್ರ ಈಗಿಲ್ಲ.

ಲೆನ್ಸ್ ಇಲ್ಲದ ಕಣ್ಣಿಗೆ ದಪ್ಪ ಸೋಡಾ ಗ್ಲಾಸಿನ ಕನ್ನಡಕವೇ ಗತಿ. ಅದರಲ್ಲಿ ಎಲ್ಲವೂ ಸುಮಾರು ಕಾಲುಭಾಗ ದೊಡ್ಡದಾಗಿ ಕಾಣುತ್ತದೆ. ಮೆಟ್ಟಿಲು ಹತ್ತಿರ ಬಂದ ಹಾಗಾಗುತ್ತದೆ. ಪಕ್ಕದಿಂದ ಬರುವ ಎತ್ತು ಕಾಣುವುದೇ ಇಲ್ಲ. ಕನ್ನಡಕ ಒಡೆದರೆ ಮತ್ತೆ ಕತ್ತಲು. ಹೊಲದಲ್ಲಿ ದುಡಿಯುವವರ ಕನ್ನಡಕ ಒಡೆಯದೆ ಇರುತ್ತದಾ? ವರ್ಷ ಕಳೆದ ಮೇಲೂ ಎಷ್ಟು ಜನ ನೋಡುತ್ತಿದ್ದರು ಎಂಬುದು ದಾಖಲೆ ಪುಸ್ತಕಕ್ಕೆ ಹೋಗುವ ಲೆಕ್ಕವಲ್ಲ. ಇದು ಮೋದಿಯವರ ತಪ್ಪಲ್ಲ. ಆ ಕಾಲಕ್ಕೆ ಬಡವರಿಗೆ ಬೇರೆ ದಾರಿಯೇ ಇರಲಿಲ್ಲ.

ದಾರಿ ಇದ್ದದ್ದು ಹಣವಿದ್ದವರಿಗೆ. ಕೃತಕ ಲೆನ್ಸನ್ನು ಕಣ್ಣೊಳಗೆ ಕೂರಿಸುವ ಕೆಲಸವನ್ನು ಬ್ರಿಟಿಷ್ ಕಣ್ಣಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲೇ ಲಂಡನ್ನಿನಲ್ಲಿ ಮಾಡಿ ತೋರಿಸಿದ್ದರು. ನಮ್ಮ ಹಳ್ಳಿಗಳಿಗೆ ಅದು ಬರಲು ನಾಲ್ಕು ದಶಕ ಹಿಡಿಯಿತು.

1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅದೇ ವರ್ಷ ತಮಿಳುನಾಡಿನ ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದರು, ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದವು. ದುಡ್ಡು ಕೊಡುವವರ ಹಣದಲ್ಲೇ ಕೊಡಲಾಗದವರ ಚಿಕಿತ್ಸೆ ನಡೆಯಬೇಕು ಎಂಬುದು ಅವರ ಲೆಕ್ಕಾಚಾರ. ಆದರೆ ಆಮದು ಲೆನ್ಸ್ ಒಂದಕ್ಕೆ 100 ಡಾಲರ್ ಹತ್ತಿರ ಬೆಲೆ ಇತ್ತು. ಅದಕ್ಕೇ 1992ರಲ್ಲಿ ಅರವಿಂದದವರದೇ ಲೆನ್ಸ್ ತಯಾರಿಸುವ ಘಟಕ ಆರೋಲ್ಯಾಬ್ ಹುಟ್ಟಿತು. ಅಲ್ಲಿ ತಯಾರಾದ ಲೆನ್ಸಿನ ಬೆಲೆ 10 ಡಾಲರ್ ಆಸುಪಾಸಿಗೆ ಇಳಿಯಿತು. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ಲೆನ್ಸ್ ಬಂದಮೇಲೆ ಹಳೆಯ ಕ್ಯಾಂಪುಗಳಂತೆ ಶಾಲೆ ಕೋಣೆಯಲ್ಲಿ ಆಪರೇಷನ್ ಮಾಡುವಂತಿರಲಿಲ್ಲ. ಮೈಕ್ರೋಸ್ಕೋಪ್ ಬೇಕು, ಶುದ್ಧ ಕೋಣೆ ಬೇಕು. ಸೋಂಕು ತಗುಲಿ ಕೀವಾದರೆ ಇದ್ದಬದ್ದ ಕಣ್ಣೂ ಹೋಗುತ್ತದೆ. ಹಾಗಾಗಿ ಈಗ ಕ್ಯಾಂಪಿನಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ.

2001–02ರ ಸಮೀಕ್ಷೆಯಲ್ಲಿ ದೇಶದ ಅಂಧತ್ವ ಶೇ. 1.1 ಇತ್ತು. 2015–19ರಲ್ಲಿ ಶೇ. 0.36. ಇಳಿಕೆ ನಿಜ, ಆದರೆ ನಡುವೆ 2017ರಲ್ಲಿ ಯಾರನ್ನು ಅಂಧರೆಂದು ಎಣಿಸಬೇಕು ಎಂಬ ಅಳತೆಯೇ ಬದಲಾಯಿತು, ಅದನ್ನು ಮರೆಯಬಾರದು. 2015–19ರ ಸಮೀಕ್ಷೆಯಲ್ಲೂ 50 ವರ್ಷ ದಾಟಿದವರ ಅಂಧತ್ವದಲ್ಲಿ ಶೇ. 66.2ರಷ್ಟು ಪೊರೆಯಿಂದಲೇ ಆಗಿತ್ತು.

ಆಪರೇಷನ್ ಯಾಕೆ ಮಾಡಿಸಿಕೊಂಡಿಲ್ಲ ಎಂದು ಅದೇ ಸಮೀಕ್ಷೆ ಕೇಳಿದಾಗ ಹಣದ ತೊಂದರೆ ಎಂದವರು ಬಹಳ. ಪುಕ್ಕಟೆ ಇದ್ದರೂ ಯಾಕೆ? ಬಸ್ಸಿನ ದುಡ್ಡು ಬೇಕು. ಜೊತೆಗೆ ಹೋಗುವ ಮಗನ ಕೂಲಿ ತಪ್ಪುತ್ತದೆ. ಅಜ್ಜಿಯಾದರೆ ‘ಇನ್ನೆಷ್ಟು ದಿನ, ನನಗ್ಯಾಕೆ’ ಎಂದು ಸುಮ್ನಾಗುತ್ತಾಳೆ. ಅರವಿಂದದವರು ಇದನ್ನು ಬೇಗ ಕಂಡುಕೊಂಡು ಬಸ್ಸು, ಊಟ, ಲೆನ್ಸ್ ಮೂರನ್ನೂ ಸೇರಿಸಿ ಕೊಟ್ಟರು. ಆಮೇಲೆ ತಾಲ್ಲೂಕು ಮಟ್ಟದ ಊರುಗಳಲ್ಲಿ ಸಣ್ಣ ದೃಷ್ಟಿ ಕೇಂದ್ರ ತೆರೆದರು. ಅಲ್ಲಿ ತರಬೇತಿ ಪಡೆದವರು ಕಣ್ಣು ನೋಡುತ್ತಾರೆ, ವೈದ್ಯರು ವಿಡಿಯೋದಲ್ಲಿ ಸಲಹೆ ಕೊಡುತ್ತಾರೆ. ಕನ್ನಡಕವಷ್ಟೇ ಸಾಕಾಗುವವರು ಅಲ್ಲಿಂದಲೇ ಮನೆಗೆ ಮರಳುತ್ತಾರೆ. ಆಪರೇಷನ್ ಬೇಕಾದವರಷ್ಟೇ ಪಟ್ಟಣದ ದಾರಿ ಹಿಡಿಯಬೇಕು.