ಎಪೊನಿಮ್: ಕಾಯಿಲೆಯ ಮೇಲೆ ಯಾರ ಹೆಸರು?

ನಮ್ಮ ಕಾಕಾ ಕಲಬುರಗಿಯ ಗಂಜ್‌ನಲ್ಲಿ ಮೂವತ್ತು ವರ್ಷ ಅಡತ್ ಅಂಗಡಿಯೊಂದರ ಮುನೀಮರಾಗಿದ್ದವರು. ತೊಗರಿ ಸುಗ್ಗಿಯ ಒಂದು ಬೆಳಗ್ಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದವು, ಮಾತೂ ಹೋಯಿತು. ಉಳಿದದ್ದು ಒಂದೇ ಮಾತು: ‘ಆತು’. ಚಹಾ ಬೇಕಾದರೂ ಆತು, ಬೇಡವಾದರೂ ಆತು, ಸಿಟ್ಟು ಬಂದರೂ ಆತು. ನೋಡಲು ಬಂದ ನೆಂಟರು ಅವರ ಎದುರಿಗೇ ‘ತಲಿ ಕೆಟ್ಟಾದ, ಪಾಪ’ ಅಂದು ಹೋಗುತ್ತಿದ್ದರು. ಕಾಕಾ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ಆಸ್ಪತ್ರೆಯ ಚೀಟಿಯಲ್ಲಿ ‘ಬ್ರೋಕಾ ಅಫೇಸಿಯಾ’ ಎಂದು ಬರೆದಿತ್ತು. ಮಿದುಳಿಗೆ ಪೆಟ್ಟು ಬಿದ್ದು ಭಾಷೆ ಕೈತಪ್ಪುವುದು ಅಫೇಸಿಯಾ. ‘ಬ್ರೋಕಾ ಅಂದ್ರ ಏನ್ರಿ ಡಾಕ್ಟರ್?’ ಎಂದು ಕಾಕಿ ಕೇಳಿದರು. ‘ಅದು ಒಬ್ರು ಡಾಕ್ಟರ್ ಹೆಸರ್ರಿ ಅಮ್ಮಾ’ ಎಂದರು ಅವರು.

ಹೀಗೆ ಒಬ್ಬ ವ್ಯಕ್ತಿಯ ಹೆಸರೇ ಒಂದು ಕಾಯಿಲೆಗೆ, ದೇಹದ ಭಾಗಕ್ಕೆ ಅಥವಾ ಅಳತೆಗೆ ಹೆಸರಾಗಿ ನಿಂತರೆ ಅದು ಎಪೊನಿಮ್. ಗ್ರೀಕಿನಿಂದ ಬಂದ ಪದ. ‘ಮೇಲೆ’ ಮತ್ತು ‘ಹೆಸರು’ ಎಂಬ ಎರಡು ಮಾತು ಅದರಲ್ಲಿ ಕೂಡಿವೆ. ಕರೆಂಟಿನ ವೋಲ್ಟ್, ಅಂಧರ ಬ್ರೈಲ್ ಲಿಪಿ ಇವೂ ಎಪೊನಿಮ್‌ಗಳೇ. ಬಸವಕಲ್ಯಾಣದ ಸೀಮೆಯವರಾದ ನಮಗೆ ‘ಅಂಕಿತ’ ಗೊತ್ತು: ವಚನಕಾರರು ವಚನದ ಕೊನೆಗೆ ತಮ್ಮ ಹೆಸರಿಡದೆ ತಾವು ನಂಬಿದ ದೇವರ ಹೆಸರಿಟ್ಟರು. ಎಪೊನಿಮ್ ಕೂಡ ಸಾಮಾನ್ಯವಾಗಿ ತಾನೇ ಹಾಕಿಕೊಂಡ ಹೆಸರಲ್ಲ, ಬೇರೆಯವರು ಗೌರವದಿಂದ ಇಟ್ಟದ್ದು. ನರವಿಜ್ಞಾನದಲ್ಲಿ ಸಂಶೋಧಕರಿಗೆ ಸಲ್ಲುವ ಮನ್ನಣೆಗಳಲ್ಲಿ ಇದು ಬಹಳ ಹಳೆಯದು. ಪದಕ ಕಪಾಟಿನಲ್ಲಿ ಉಳಿಯುತ್ತದೆ; ಈ ಹೆಸರು ಊರೂರಿನ ಔಷಧಿ ಚೀಟಿಯ ಮೇಲೆ ಬರುತ್ತದೆ.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಕೈಕಾಲು ನಡುಗುವ ರೋಗದ ಬಗ್ಗೆ ಕಿರುಹೊತ್ತಿಗೆಯೊಂದನ್ನು ಬರೆದರು. ಅದಕ್ಕೆ ಅವರ ಹೆಸರು ಕಟ್ಟಿದವರು ಮುಂದಿನ ತಲೆಮಾರಿನ, ಪ್ಯಾರಿಸ್ಸಿನ ನರವೈದ್ಯ ಶಾರ್ಕೊ. ಮರೆವಿನ ರೋಗವನ್ನು 1906ರಲ್ಲಿ ಸಭೆಯ ಮುಂದಿಟ್ಟವರು ಅಲೋಯಿಸ್ ಆಲ್ಝೈಮರ್. 1910ರಲ್ಲಿ ತಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ಆಲ್ಝೈಮರ್ ರೋಗ ಎಂದು ಹೆಸರಿಟ್ಟವರು ಮನೋವೈದ್ಯ ಕ್ರೇಪೆಲಿನ್.

ಬ್ರೋಕಾ ಕಥೆ ನನ್ನ ಮನಸ್ಸಿಗೆ ಹತ್ತಿರದ್ದು. 1861ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ ಬಳಿ 51 ವರ್ಷದ ರೋಗಿಯೊಬ್ಬ ಬಂದ. ಇಪ್ಪತ್ತೊಂದು ವರ್ಷದಿಂದ ಅಲ್ಲೇ ಇದ್ದವನು. ಏನು ಕೇಳಿದರೂ ‘ತಾನ್, ತಾನ್’ ಎನ್ನುತ್ತಿದ್ದ. ಆಸ್ಪತ್ರೆಯವರು ಅವನನ್ನು ಕರೆಯುತ್ತಿದ್ದದ್ದೂ ತಾನ್ ಎಂದೇ. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಬ್ರೋಕಾ ಮಿದುಳನ್ನು ತೆಗೆದು ನೋಡಿದಾಗ ಎಡಭಾಗದ ಮುಂಬದಿಯಲ್ಲಿ ಕೆಟ್ಟುಹೋದ ಜಾಗ ಕಂಡಿತು. ಆ ಜಾಗಕ್ಕೆ ಇವತ್ತು ಬ್ರೋಕಾ ಪ್ರದೇಶ ಎನ್ನುತ್ತಾರೆ.

ಅದೇ ವರ್ಷ ಸಿಕ್ಕ ಎರಡನೆಯ ರೋಗಿ ಲೆಲೋಂಗ್ ಎಂಬ 84ರ ಮುದುಕ. ಅವನಲ್ಲಿ ಐದೇ ಮಾತು ಉಳಿದಿದ್ದವು, ಅಂಕಿಗಳಲ್ಲಿ ‘ಮೂರು’ ಒಂದೇ. ಮಕ್ಕಳೆಷ್ಟು ಎಂದರೆ ‘ಮೂರು’ ಎಂದು ನಾಲ್ಕು ಬೆರಳು ತೋರಿಸುತ್ತಿದ್ದ. ಲೆಕ್ಕ ತಲೆಯಲ್ಲಿ ಸರಿಯಾಗಿತ್ತು, ಬಾಯಲ್ಲಿ ಇರಲಿಲ್ಲ. ಬ್ರೋಕಾ ಆ ಬೆರಳುಗಳನ್ನೂ ಎಣಿಸಿ ಬರೆದಿಟ್ಟರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಪಡಸಾಲೆ. ಹಳೇ ಗಿರಾಕಿಯೊಬ್ಬರು ಕಾಕಾನನ್ನು ಮಾತಾಡಿಸುತ್ತ ‘ಹೋದ್ ಸಲ ನಮ್ಮವು ಹನ್ನೆರಡು ಚೀಲ ಇದ್ವು’ ಎಂದರು. ಕಾಕಾ ‘ಆತು! ಆತು!’ ಎಂದು ಎಡಗೈಯಿಂದ ಮಂಚ ಬಡಿದು, ಮೊದಲು ಐದೂ ಬೆರಳು ಎರಡು ಸಲ, ಆಮೇಲೆ ನಾಲ್ಕು ಬೆರಳು ತೋರಿಸಿದರು. ಗಿರಾಕಿ ಒಂದು ಗಳಿಗೆ ಸುಮ್ಮನಿದ್ದು, ‘ಹೌದ್ರಿ ಮುನೀಮರ, ಹದಿನಾಕು’ ಎಂದರು. ಇನ್ನೊಂದು ದಿನ ಕಾಕಿ ಸೇರಿನಲ್ಲಿ ಜೋಳ ಅಳೆಯುತ್ತ ಒಂದಕ್ಕೆ ಲಾಭ ಎಂದು ಹಿಡಿದು ‘ಲಾಭ, ಎರಡು, ಮೂರು’ ಎಂದು ಎಣಿಸುತ್ತಿದ್ದರೆ, ಒಳಗಿಂದ ಕಾಕಾ ‘ನಾಕು, ಐದು, ಆರು’ ಎಂದು ದನಿಗೂಡಿಸಿದರು. ಕಾಕಿಯ ಕೈಯಲ್ಲಿನ ಸೇರು ಅಲ್ಲೇ ನಿಂತಿತು. ಸಾಲಾಗಿ ಬಾಯಿಗೆ ರೂಢಿಯಾದ ಎಣಿಕೆ, ವಾರಗಳ ಹೆಸರು, ಹಾಡು ಇವು ಈ ಸ್ಥಿತಿಯಲ್ಲೂ ಎಷ್ಟೋ ಜನರಿಗೆ ಉಳಿಯುತ್ತವೆ. ಬಿಡಿಯಾಗಿ ‘ಆರು’ ಅನ್ನಿ ಎಂದರೆ ಕಾಕಾಗೆ ಬರಲಿಲ್ಲ.

ಹೆಸರು ಯಾವಾಗಲೂ ಸಲ್ಲಬೇಕಾದವರಿಗೇ ಸಂದಿದೆ ಎನ್ನಲಾಗದು. ಮಾತು ಹೋಗುವುದಕ್ಕೂ ಎಡಮಿದುಳಿಗೂ ನಂಟಿದೆ ಎಂದು ಮಾರ್ಕ್ ಡಾಕ್ಸ್ ಎಂಬ ಫ್ರೆಂಚ್ ವೈದ್ಯರು 1836ರಲ್ಲೇ ಬರೆದಿಟ್ಟಿದ್ದರು. ಅದು ಅಚ್ಚಾದದ್ದು 1865ರಲ್ಲಿ, ಮಗನ ಪ್ರಯತ್ನದಿಂದ. ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆದದ್ದೂ ಉಂಟು. ಜರ್ಮನಿಯ ಹಾಲರ್‌ಫೋರ್ಡನ್ ಎಂಬ ವೈದ್ಯರು, ನಾಜಿಗಳು ಕೊಂದವರ ಮಿದುಳುಗಳನ್ನು ಸಂಶೋಧನೆಗೆ ಬಳಸಿದ್ದರು. ಅವರ ಹೆಸರು ಹೊತ್ತಿದ್ದ ಕಾಯಿಲೆಗೆ ಈಗ ವೈದ್ಯರು ಬೇರೆ ಹೆಸರು ಬಳಸುತ್ತಾರೆ. ಅದು ಸರಿಯಾದ ಕೆಲಸ. ಅಂಥವರ ಹೆಸರನ್ನು ರೋಗಿಯ ಚೀಟಿಯ ಮೇಲೆ ಬರೆಯಬಾರದು.

ನಮ್ಮ ನೆಲದ ಸಂಶೋಧಕರ ಹೆಸರಿನ ಎಪೊನಿಮ್‌ಗಳು ಅಪರೂಪ. ಎಳೆಯ ವಯಸ್ಸಿನವರ ಒಂದೇ ಕೈ ಸೊರಗುವ ಕಾಯಿಲೆಯನ್ನು 1959ರಲ್ಲಿ ವರದಿ ಮಾಡಿದ ಜಪಾನಿನ ಹಿರಯಾಮ ಅವರ ಹೆಸರು ಅದಕ್ಕೆ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಸೊರಗಿದ ರೋಗಿಗಳನ್ನು ಪರೀಕ್ಷಿಸಿ 1984ರಲ್ಲಿ ‘ಮೊನೊಮೆಲಿಕ್ ಅಮಯೋಟ್ರೋಫಿ’ ಎಂಬ ಹೆಸರು ಕೊಟ್ಟರು. ‘ಒಂದೇ ಅಂಗದ ಸ್ನಾಯು ಸೊರಗುವಿಕೆ’ ಎಂದರ್ಥ. ತಲೆಯ ಮೇಲೆ ತಂಬಿಗೆಯಿಂದ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆ ನಮ್ಮ ರಾಜ್ಯದಲ್ಲಿ ಹೆಚ್ಚು. ಅದನ್ನು ಡಾ. ಕೆ. ಎಸ್. ಮಣಿ, ಮುಂದೆ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ವಿವರವಾಗಿ ಅಧ್ಯಯನ ಮಾಡಿದರು. ಅದರ ಹೆಸರು ಬಿಸಿನೀರಿನ ಮೂರ್ಛೆ ಎಂದೇ ಉಳಿಯಿತು. ಇಂಥ ಹೆಸರು ರೋಗಿಗೆ ಬೇಗ ತಿಳಿಯುತ್ತದೆ. ಆದರೆ ಈ ವೈದ್ಯರ ಹೆಸರೂ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕು ಎಂಬುದು ನನ್ನ ಆಸೆ.

ರೋಗಿಗಳ ಹೆಸರು? ತಾನ್ ಎಂಬವನ ಮನೆತನದ ಹೆಸರು ಲೆಬೋರ್ನ್ ಎಂದು ಬ್ರೋಕಾ ಬರೆದಿದ್ದರು, ಅಷ್ಟೇ. ಪೋಲೆಂಡಿನ ಇತಿಹಾಸಕಾರ ಚೆಜಾರಿ ದೊಮಾನ್ಸ್ಕಿ ಹಳೆಯ ದಾಖಲೆಗಳನ್ನು ಹುಡುಕಿ 2013ರಲ್ಲಿ ಪೂರ್ತಿ ಹೆಸರು ಹೊರತಂದರು: ಲೂಯಿ ವಿಕ್ಟರ್ ಲೆಬೋರ್ನ್. ಮೊರೆ ಎಂಬ ಊರಿನವನು, ಚಪ್ಪಲಿ ಹೊಲಿಯುವವರಿಗೆ ಬೇಕಾದ ಕಟ್ಟಿಗೆಯ ಅಚ್ಚು ಮಾಡುವ ಕಸುಬುದಾರ. ಸತ್ತು ನೂರೈವತ್ತು ವರ್ಷ ಕಳೆದ ಮೇಲೆ ಅವನಿಗೆ ಒಂದು ಊರು, ಒಂದು ಕಸುಬು ಸಿಕ್ಕಿತು.

ಇದನ್ನೆಲ್ಲ ನಾನು ಕಾಕಿಗೆ ಹೇಳಿದ್ದೆ. ಈಗ ನೆಂಟರು ಬಂದರೆ ಅವರು ಹೊಸ್ತಿಲಲ್ಲೇ ತಡೆದು ಹೇಳುತ್ತಾರೆ: ‘ತಲಿ ಕೆಟ್ಟಿಲ್ರಿ. ಬ್ರೋಕಾ ಆಗ್ಯಾದ. ಎಲ್ಲಾ ತಿಳೀತದ ಅವರಿಗಿ, ಹೇಳ್ಲಾಕ ಬರಲ್ಲ. ಮಾರಿ ನೋಡಿ ಮಾತಾಡ್ರಿ.’